85ರ ಗೆರೆ: ಕಿವಿಗೆ ಎಷ್ಟು ಸದ್ದು ಸಲ್ಲುತ್ತದೆ ಎಂಬ ಲೆಕ್ಕದ ಚರಿತ್ರೆ

ಸದ್ದಿನ ನಡುವೆಯೇ ದುಡಿಯುವವರಿಗೆ ಕಿವಿ ಮಂದವಾಗುತ್ತದೆ ಎಂಬ ತಿಳಿವಳಿಕೆ ಬಹಳ ಹಳೆಯದು. ಎಷ್ಟು ಸದ್ದು, ಎಷ್ಟು ಹೊತ್ತು ಎಂಬುದಕ್ಕೆ ಅಂಕಿ ಸಿಕ್ಕಿದ್ದು ಮಾತ್ರ 20ನೇ ಶತಮಾನದಲ್ಲಿ. ಅಲ್ಲಿಯವರೆಗೆ ಕಿವುಡು ಎಂದರೆ ಕೆಲವು ಕಸುಬುಗಳ ಬೆನ್ನಿಗೇ ಬರುವ ಪಾಡು ಎಂದು ಕೆಲಸಗಾರರೂ ಯಜಮಾನರೂ ಒಪ್ಪಿಕೊಂಡಿದ್ದರು. ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ ರೋಮಿನ ಸಿಸೆರೊ, ನೈಲ್ ನದಿಯ ಅಬ್ಬಿಗಳ ಬಳಿ ವಾಸಿಸುವ ಜನ ನೀರಿನ ಭೋರ್ಗರೆತದಿಂದ ಕೇಳುವ ಶಕ್ತಿಯನ್ನೇ ಕಳೆದುಕೊಂಡಿದ್ದಾರೆ ಎಂದು ಬರೆದ. ಆಕಾಶಗೋಳಗಳ ಸಂಗೀತ ಮನುಷ್ಯರಿಗೇಕೆ ಕೇಳಿಸುವುದಿಲ್ಲ ಎಂಬುದಕ್ಕೆ ಆತ ಕೊಟ್ಟ ದೃಷ್ಟಾಂತ ಅದು. ವೈದ್ಯರ ವರದಿಯೆಂದು ಓದಬೇಕಾದ ಮಾತಲ್ಲ.

ಕಸುಬನ್ನೂ ಕಾಯಿಲೆಯನ್ನೂ ಜೋಡಿಸಿ ನೋಡಿದವನು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝೀನಿ. ರೋಗಿಯ ನಾಡಿ ಹಿಡಿಯುವಾಗ ‘ನಿನ್ನ ಕೆಲಸವೇನು’ ಎಂದು ಕೇಳುವುದನ್ನು ಮರೆಯಬಾರದು ಎಂದು ವೈದ್ಯರಿಗೆ ಹೇಳಿಕೊಟ್ಟವನು ಈತ. ಕೆಲಸಗಾರರ ಕಾಯಿಲೆಗಳ ಬಗ್ಗೆ ಲ್ಯಾಟಿನ್‌ನಲ್ಲಿ ಬರೆದ ಈತನ ಗ್ರಂಥ 1700ರಲ್ಲಿ ಪ್ರಕಟವಾಯಿತು. 1713ರಲ್ಲಿ ಅದನ್ನು ಹಿಗ್ಗಿಸಿ ಮತ್ತೆ ಅಚ್ಚು ಹಾಕಿಸಲಾಯಿತು. ವೆನಿಸ್‌ನ ತಾಮ್ರದ ಕೆಲಸಗಾರರ ಬಗ್ಗೆ ಅದರಲ್ಲಿ ವಿವರಗಳಿವೆ. ಅವರೆಲ್ಲ ಒಂದೇ ಕೇರಿಯಲ್ಲಿ ನೆಲೆಸಿದ್ದರು. ದಿನವಿಡೀ ತಾಮ್ರವನ್ನು ಬಡಿಯುವ ಸುತ್ತಿಗೆಗಳ ಸದ್ದು ತಾಳದೆ ಬೇರೆ ಯಾರೂ ಅಲ್ಲಿ ಮನೆ ಮಾಡುತ್ತಿರಲಿಲ್ಲ. ಕಸುಬಿನಲ್ಲಿ ಇದ್ದಷ್ಟೂ ಕಾಲ ಅವರ ಕಿವಿ ಸವೆಯುತ್ತದೆ, ಮುಪ್ಪಿನಲ್ಲಿ ಪೂರಾ ಕಿವುಡಾಗುತ್ತದೆ ಎಂದು ರಾಮಝೀನಿ ದಾಖಲಿಸಿದ. 1831ರಲ್ಲಿ ಇಂಗ್ಲೆಂಡಿನ ಜಾನ್ ಫಾಸ್‌ಬ್ರೋಕ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕಮ್ಮಾರರ ಬಗ್ಗೆ ಇದೇ ಮಾತು ಬರೆದ. ನಡುವಿನ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಕಮ್ಮಾರಸಾಲೆಗಳಲ್ಲಿ ಬದಲಾದದ್ದು ಹೆಚ್ಚೇನೂ ಇರಲಿಲ್ಲ.

ಉಗಿಯಂತ್ರ ಬಂದ ಮೇಲೆ ಸಂಕಟ ಹಲವು ಪಟ್ಟು ಹೆಚ್ಚಿತು. ಹಡಗು, ರೈಲು, ಗಿರಣಿ ಎಲ್ಲಕ್ಕೂ ಬಾಯ್ಲರ್ ಬೇಕಿತ್ತು. ಕಬ್ಬಿಣದ ತಗಡುಗಳನ್ನು ಸೇರಿಸಿ ಕಾದ ರಿವೆಟ್ ಹೊಡೆದರೆ ಮಾತ್ರ ಬಾಯ್ಲರ್ ಆಗುತ್ತಿತ್ತು. ಹೊರಗಿನಿಂದ ಒಬ್ಬ ಸುತ್ತಿಗೆಯಲ್ಲಿ ಬಡಿಯುವಾಗ ಒಳಗೆ ಇನ್ನೊಬ್ಬ ಕುಳಿತು ರಿವೆಟ್‌ನ ತಲೆಗೆ ಭಾರವಾದ ಸುತ್ತಿಗೆ ಒತ್ತಿ ಹಿಡಿಯಬೇಕು. ಮುಚ್ಚಿದ ಕಬ್ಬಿಣದ ಹಂಡೆಯೊಳಗೆ ಕಿವಿಯಿಂದ ಒಂದೆರಡು ಅಡಿ ದೂರದಲ್ಲಿ ಬೀಳುವ ಆ ಏಟುಗಳ ಸದ್ದನ್ನು ಊಹಿಸಿಕೊಳ್ಳುವುದೂ ಕಷ್ಟ. ಹಡಗು ಕಟ್ಟುವುದಕ್ಕೆ ಹೆಸರಾದ ಸ್ಕಾಟ್ಲೆಂಡಿನ ಗ್ಲ್ಯಾಸ್ಗೊ ನಗರದಲ್ಲಿ ಇಂಥ ಕೆಲಸಗಾರರು ಸಾಲುಸಾಲಾಗಿ ಕಿವುಡರಾಗುತ್ತಿದ್ದುದನ್ನು ಕಂಡ ಕಿವಿತಜ್ಞ ಥಾಮಸ್ ಬಾರ್, 1886ರಲ್ಲಿ ಒಂದು ತನಿಖೆ ನಡೆಸಿದ. 100 ಮಂದಿ ಬಾಯ್ಲರ್ ಕೆಲಸಗಾರರು, 100 ಮಂದಿ ಕಬ್ಬಿಣದ ಎರಕದವರು, 100 ಮಂದಿ ಅಂಚೆಯವರು. ಬಾರ್ ಬಳಿ ಇದ್ದ ಉಪಕರಣ ಒಂದು ಗಡಿಯಾರ. ಅದರ ಟಿಕ್ ಟಿಕ್ ಎಷ್ಟು ದೂರದಿಂದ ಕೇಳಿಸುತ್ತದೆ ಎಂಬುದೇ ಪರೀಕ್ಷೆ. ಚರ್ಚಿನಲ್ಲೋ ಸಭೆಯಲ್ಲೋ ಕುಳಿತಾಗ ಮಾತು ತಿಳಿಯುತ್ತದೆಯೇ ಎಂದೂ ವಿಚಾರಿಸಿದ. ತಿಳಿಯುವುದಿಲ್ಲ, ಅಥವಾ ಕಷ್ಟ ಎಂದವರು ಅಂಚೆಯವರಲ್ಲಿ ನೂರಕ್ಕೆ 8, ಎರಕದವರಲ್ಲಿ 12, ಬಾಯ್ಲರ್ ಕೆಲಸಗಾರರಲ್ಲಿ 75. ಆ ನೂರು ಬಾಯ್ಲರ್ ಕೆಲಸಗಾರರಲ್ಲಿ ಕಿವಿ ಪೂರ್ತಿ ಸರಿಯಿದ್ದವನು ಒಬ್ಬನೂ ಸಿಗಲಿಲ್ಲ. ಹೋಲಿಕೆಗೆ ಬೇರೆ ಕಸುಬಿನವರನ್ನು ಎದುರಿಗಿಟ್ಟು ನೋಡಿದ್ದೇ ಈ ತನಿಖೆಯ ದೊಡ್ಡ ಗುಣ. ವಯಸ್ಸಾದರೆ ಯಾರಿಗಾದರೂ ಕಿವಿ ಮಂದವಾಗುತ್ತದಲ್ಲ ಎಂಬ ವಾದಕ್ಕೆ ಆಮೇಲೆ ಅಷ್ಟು ಬಲ ಉಳಿಯಲಿಲ್ಲ.

ಕಿವಿಯೊಳಗೆ ಏನಾಗುತ್ತದೆ ಎಂಬುದು ಗೊತ್ತಾದದ್ದು ಬೇರೆ ದಾರಿಯಿಂದ. ಇಟಲಿಯ ಅಲ್ಫೋನ್ಸೊ ಕೋರ್ಟಿ 1851ರಲ್ಲಿ ಒಳಗಿವಿಯ ಸುರುಳಿನಾಳದಲ್ಲಿ, ಅಂದರೆ ಕಾಕ್ಲಿಯಾದಲ್ಲಿ, ಸಾಲಾಗಿ ನಿಂತ ಸೂಕ್ಷ್ಮ ರೋಮಕೋಶಗಳನ್ನು ವರ್ಣಿಸಿದ್ದ. ಒಂದು ಕಿವಿಯಲ್ಲಿ ಇವು ಸುಮಾರು 15,000 ಇರುತ್ತವೆ. ಸದ್ದಿನ ಅಲುಗಾಟವನ್ನು ನರದ ಸಂಕೇತವಾಗಿ ಮಾರ್ಪಡಿಸುವ ಕೆಲಸ ಇವುಗಳದು. 1890ರಲ್ಲಿ ಪ್ರಾಗ್‌ನ ಜೊಹಾನ್ ಹಾಬರ್‌ಮನ್, ತೀರಿಕೊಂಡ ಒಬ್ಬ ಲೋಹದ ಕೆಲಸಗಾರನ ಕಾಕ್ಲಿಯಾವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಸುರುಳಿಯ ಬುಡದ ಸುತ್ತಿನಲ್ಲಿ ರೋಮಕೋಶಗಳು ನಾಶವಾಗಿದ್ದವು. ಬುಡದ ಸುತ್ತು ಕೀರಲು ಸ್ವರಗಳನ್ನು ಹಿಡಿಯುವ ಜಾಗ. ಸದ್ದಿನ ಹಾನಿ ಮೊದಲು 4,000 ಹರ್ಟ್ಸ್ ಆಸುಪಾಸಿನಲ್ಲಿ ಕಾಣಿಸುತ್ತದೆ ಎಂಬುದು ಆಮೇಲೆ ಖಚಿತವಾಯಿತು. ಮಾತಿನಲ್ಲಿ ಸ್ವರಗಳ ಬಲ ಕೆಳಗಿನ ಆವರ್ತನದಲ್ಲಿರುತ್ತದೆ. ಸ, ಶ, ತ, ಕ ಮುಂತಾದ ವ್ಯಂಜನಗಳನ್ನು ಬೇರ್ಪಡಿಸುವ ಸುಳಿವು ಮೇಲಿನ ಆವರ್ತನದಲ್ಲಿರುತ್ತದೆ. ಹಾಗಾಗಿ ಸದ್ದಿನಿಂದ ಕಿವಿ ಕೆಟ್ಟವರು ‘ಕೇಳಿಸುತ್ತದೆ, ಏನಂದಿರಿ ಅಂತ ಗೊತ್ತಾಗಲಿಲ್ಲ’ ಎನ್ನುತ್ತಾರೆ. ಮನೆಯವರು ಇದನ್ನು ಗಮನವಿಲ್ಲದಿರುವಿಕೆ ಎಂದು ಬೈಯುವುದೂ ಉಂಟು. ಸತ್ತ ರೋಮಕೋಶಗಳ ಜಾಗದಲ್ಲಿ ಹಕ್ಕಿಗಳಿಗೆ ಹೊಸವು ಹುಟ್ಟುತ್ತವೆ ಎಂದು 1980ರ ದಶಕದ ಕೊನೆಯಲ್ಲಿ ಗೊತ್ತಾಯಿತು. ಮನುಷ್ಯರಿಗೆ ಆ ಭಾಗ್ಯವಿಲ್ಲ. ಶ್ರವಣಸಾಧನ ಸದ್ದನ್ನು ಹಿಗ್ಗಿಸಬಲ್ಲದು, ಹೋದ ಕೋಶಗಳನ್ನು ತರಲಾರದು.

ಇಷ್ಟಾದರೂ ಅಳೆಯುವ ಕೋಲು ಇರಲಿಲ್ಲ. ಅದು ಬಂದದ್ದು ಆಸ್ಪತ್ರೆಯಿಂದಲ್ಲ, ಟೆಲಿಫೋನ್ ಕಂಪನಿಯಿಂದ. ದೂರದ ತಂತಿಯಲ್ಲಿ ದನಿ ಎಷ್ಟು ಕ್ಷೀಣಿಸುತ್ತದೆ ಎಂಬುದನ್ನು ಅಮೆರಿಕದ ಎಂಜಿನಿಯರುಗಳು ಮೊದಲು ‘ಒಂದು ಮೈಲಿ ತಂತಿ’ಯ ಲೆಕ್ಕದಲ್ಲಿ ಹೇಳುತ್ತಿದ್ದರು. ಅದರ ಬದಲಿಗೆ ಬೆಲ್ ಸಂಸ್ಥೆಯ ತಜ್ಞರು 1920ರ ದಶಕದಲ್ಲಿ ತಂದ ಹೊಸ ಮಾನಕ್ಕೆ ದಶಕದ ಕೊನೆಗೆ ಡೆಸಿಬೆಲ್ ಎಂಬ ಹೆಸರು ನಿಂತಿತು. ಹೆಸರು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರದು. ಬೆಲ್ ಅವರ ತಾಯಿಗೂ ಹೆಂಡತಿಗೂ ಕಿವಿ ಕೇಳಿಸುತ್ತಿರಲಿಲ್ಲ. ಕಿವುಡು ಮಕ್ಕಳಿಗೆ ಪಾಠ ಹೇಳುವುದು ಅವರ ವೃತ್ತಿಯಾಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಅದೇ ಬೆಲ್ ಸಂಸ್ಥೆಯ ಹಾರ್ವೆ ಫ್ಲೆಚರ್ ಮತ್ತು ಜೊತೆಗಾರರು ಕಿವಿ ಪರೀಕ್ಷಿಸುವ ವಿದ್ಯುತ್ ಯಂತ್ರವಾದ ಆಡಿಯೊಮೀಟರ್ ಮಾಡಿದರು. ಬಾರ್‌ನ ಗಡಿಯಾರಕ್ಕೆ ಅಲ್ಲಿಗೆ ರಜೆ ಸಿಕ್ಕಿತು. 1929–30ರಲ್ಲಿ ನ್ಯೂಯಾರ್ಕ್ ನಗರದ ಸದ್ದು ನಿವಾರಣಾ ಆಯೋಗ ಮಾಪಕ ಹೊತ್ತ ಲಾರಿಯೊಂದನ್ನು ಬೀದಿಬೀದಿ ಸುತ್ತಿಸಿ ಊರಿನ ಗದ್ದಲಕ್ಕೆ ಅಂಕಿ ಬರೆಸಿತು.

ಡೆಸಿಬೆಲ್ಲಿನ ಲೆಕ್ಕ ಮೊದಲ ನೋಟಕ್ಕೆ ದಾರಿ ತಪ್ಪಿಸುತ್ತದೆ. ಸೊನ್ನೆ ಡೆಸಿಬೆಲ್ ಎಂದರೆ ನಿಶ್ಶಬ್ದವಲ್ಲ, ಎಳೆಯ ಆರೋಗ್ಯವಂತ ಕಿವಿಗೆ ಕೇಳಿಸಲು ಆರಂಭವಾಗುವ ಮಟ್ಟ. ಪಿಸುಮಾತು ಸುಮಾರು 30, ಎದುರು ಬದುರು ಕುಳಿತವರ ಮಾತು ಸುಮಾರು 60. ಹತ್ತು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಮೂರು ಏರಿದರೆ ಎರಡು ಪಟ್ಟು. ಅಂದರೆ 85 ಮತ್ತು 88ರ ನಡುವಿನ ಅಂತರ ಮೂರೇ ಎಂದು ಕಂಡರೂ ಒಳಗಿವಿಗೆ ಬೀಳುವ ಹೊರೆ ದುಪ್ಪಟ್ಟಾಗಿರುತ್ತದೆ. ಕಿವಿ ಎಲ್ಲ ಆವರ್ತನಗಳನ್ನೂ ಒಂದೇ ಸಮ ಕೇಳುವುದಿಲ್ಲವಾದ್ದರಿಂದ ಮಾಪಕಗಳೂ ಕಿವಿಯಂತೆಯೇ ತಗ್ಗು ಸ್ವರಗಳನ್ನು ಕಡಿಮೆ ಎಣಿಸುವಂತೆ ಮಾಡಲಾಯಿತು. ನಿಯಮಗಳಲ್ಲಿ ಡೆಸಿಬೆಲ್ ಮುಂದೆ ಕಾಣುವ ‘ಎ’ ಅಕ್ಷರದ ಅರ್ಥ ಇಷ್ಟೇ.

ಮಾಪಕ ಕೈಗೆ ಬಂದ ಮೇಲೂ ಗೆರೆ ಎಳೆಯಲು ಯಾರೂ ಮುಂದಾಗಲಿಲ್ಲ. ಗೆರೆ ಎಳೆಸಿದ್ದು ನ್ಯಾಯಾಲಯ. ಅಮೆರಿಕದ ಕಾರ್ಮಿಕ ಪರಿಹಾರ ಕಾನೂನುಗಳಲ್ಲಿ ಕೂಲಿ ನಷ್ಟವಾದರೆ ಮಾತ್ರ ಪರಿಹಾರ ಎಂಬ ವಾಡಿಕೆ ಇತ್ತು. ಕಿವಿ ಹೋದರೂ ಕೈ ನೆಟ್ಟಗಿದ್ದು ಕೆಲಸ ನಡೆಯುತ್ತಿದ್ದರೆ ನಷ್ಟವೇ ಇಲ್ಲ ಎಂಬ ತರ್ಕ. 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಮೇಲ್ಮನವಿ ನ್ಯಾಯಾಲಯ ಈ ತರ್ಕವನ್ನು ತಳ್ಳಿಹಾಕಿ, ಕೂಲಿ ಕಳೆದುಕೊಳ್ಳದ ಕೆಲಸಗಾರನೊಬ್ಬನಿಗೆ ಕಿವಿಯ ನಷ್ಟಕ್ಕೇ ಪರಿಹಾರ ಸಲ್ಲಬೇಕು ಎಂದಿತು. 1953ರಲ್ಲಿ ವಿಸ್ಕಾನ್ಸಿನ್‌ನಲ್ಲೂ ಅಂಥದೇ ತೀರ್ಪು ಬಂತು. ಸಾವಿರಾರು ಕೆಲಸಗಾರರು ಕೈಚಾಚಿದರೆ ಗತಿಯೇನು ಎಂದು ಕಾರ್ಖಾನೆಗಳಿಗೂ ವಿಮಾ ಕಂಪನಿಗಳಿಗೂ ಆಗ ದಿಗಿಲಾಯಿತು. ಸುರಕ್ಷಿತ ಮಿತಿ ಯಾವುದು ಎಂಬ ಪ್ರಶ್ನೆಗೆ ಹಣದ ತೂಕ ಬಂದದ್ದು ಹೀಗೆ. ಯುದ್ಧದಲ್ಲಿ ಗುಂಡಿನ ಸದ್ದಿಗೂ ವಿಮಾನದ ಸದ್ದಿಗೂ ಕಿವಿ ಕಳೆದುಕೊಂಡು ಬಂದ ಸೈನಿಕರಿಂದ ಸೇನೆಗೂ ಇದೇ ಚಿಂತೆ ಹತ್ತಿತ್ತು. ಅಮೆರಿಕದ ವಾಯುಪಡೆ 1956ರಲ್ಲಿ ಹೊರಡಿಸಿದ ನಿಯಮದಲ್ಲಿ 85 ಡೆಸಿಬೆಲ್ ಎಚ್ಚರಿಕೆಯ ಮಟ್ಟವಾಗಿ ಕಾಣಿಸಿಕೊಂಡಿತು.

ಗೆರೆಗೆ ಬೇಕಾದ ಪುರಾವೆಗಳಲ್ಲಿ ಹೆಚ್ಚು ನಂಬಲರ್ಹವಾದ ಒಂದು ಸಿಕ್ಕಿದ್ದು ಸ್ಕಾಟ್ಲೆಂಡಿನ ಡಂಡಿಯಲ್ಲಿ. ಬಂಗಾಳದ ಸೆಣಬು ಹಡಗಿನಲ್ಲಿ ಹೋಗಿ ಗೋಣಿಬಟ್ಟೆಯಾಗುತ್ತಿದ್ದ ಊರು ಅದು. ಮಗ್ಗ ನಡೆಸುವವರಲ್ಲಿ ಹೆಚ್ಚಿನವರು ಹೆಂಗಸರು. ಮಗ್ಗದ ಮನೆಯ ಸದ್ದು 100 ಡೆಸಿಬೆಲ್ ಆಸುಪಾಸು. ಅಲ್ಲಿ ಮಾತು ತುಟಿಯ ಚಲನೆಯಲ್ಲೂ ಕೈಸನ್ನೆಯಲ್ಲೂ ನಡೆಯುತ್ತಿತ್ತು. ವಿಲಿಯಂ ಟೇಲರ್ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಈ ಊರನ್ನೇ ಆರಿಸಿದ್ದಕ್ಕೆ ಒಳ್ಳೆಯ ಕಾರಣವಿತ್ತು. ಕಿವಿಯ ಹಾನಿ ದಶಕಗಳ ಫಲ. ಹಿಂದೆ ಎಷ್ಟು ಸದ್ದಿತ್ತು ಎಂಬುದು ಸಾಮಾನ್ಯವಾಗಿ ಯಾರಿಗೂ ಗೊತ್ತಿರುವುದಿಲ್ಲ. ಡಂಡಿಯ ಮಗ್ಗಗಳೋ ದಶಕಗಳಿಂದ ಹೆಚ್ಚುಕಡಿಮೆ ಬದಲಾಗಿರಲೇ ಇಲ್ಲ, ನೇಯುವವರೂ ಒಂದೇ ಕೆಲಸದಲ್ಲಿ ಆಯುಷ್ಯ ಕಳೆದವರು. ಇಂದಿನ ಸದ್ದು ಅಳೆದರೆ ಅಂದಿನ ಸದ್ದೂ ಸಿಕ್ಕಿದಂತೆ. ಹಾನಿಯ ದೊಡ್ಡ ಪಾಲು ಮೊದಲ ಹತ್ತು ಹದಿನೈದು ವರ್ಷಗಳಲ್ಲೇ ಆಗಿಬಿಡುತ್ತದೆ, ಮೊದಲು 4,000 ಹರ್ಟ್ಸ್‌ನಲ್ಲಿ ಆರಂಭವಾಗಿ ನಿಧಾನವಾಗಿ ಮಾತಿನ ಆವರ್ತನಗಳಿಗೆ ಇಳಿಯುತ್ತದೆ ಎಂದು ಈ ನೇಕಾರ್ತಿಯರ ಕಿವಿಗಳು ತೋರಿಸಿಕೊಟ್ಟವು.

ಕಾನೂನು ಬಂದಾಗ ಗೆರೆ ವಿಜ್ಞಾನ ಹೇಳಿದ ಜಾಗದಲ್ಲಿ ಬೀಳಲಿಲ್ಲ. ಅಮೆರಿಕ 1969ರಲ್ಲಿ ಸರ್ಕಾರಿ ಗುತ್ತಿಗೆದಾರರಿಗೆ, ಎರಡು ವರ್ಷಗಳಲ್ಲಿ ಉಳಿದ ಕಾರ್ಖಾನೆಗಳಿಗೂ ದಿನಕ್ಕೆ 8 ಗಂಟೆಗೆ 90 ಡೆಸಿಬೆಲ್ ಎಂಬ ಮಿತಿ ವಿಧಿಸಿತು. ಸದ್ದು 5 ಡೆಸಿಬೆಲ್ ಏರಿದರೆ ಸಮಯ ಅರ್ಧವಾಗಬೇಕು. 1972ರಲ್ಲಿ ಅಲ್ಲಿನ ಸರ್ಕಾರದ್ದೇ ಸಂಶೋಧನಾ ಸಂಸ್ಥೆ ನಿಯೋಶ್ 85 ಸಾಕು ಎಂದಿತು. ಯಂತ್ರಗಳ ಸದ್ದನ್ನು ಅಷ್ಟು ತಗ್ಗಿಸುವ ಖರ್ಚಿನ ಅಂದಾಜು ಮುಂದಿಟ್ಟು ಉದ್ಯಮಗಳು ಅಡ್ಡಿಬಂದವು. ಹತ್ತು ವರ್ಷ ಎಳೆದಾಡಿ 1983ರಲ್ಲಿ ಆದ ರಾಜಿಯಲ್ಲಿ ಮಿತಿ 90ರಲ್ಲೇ ಉಳಿಯಿತು. 85 ದಾಟಿದರೆ ಕಿವಿ ಪರೀಕ್ಷೆ, ತರಬೇತಿ, ಇಯರ್‌ಪ್ಲಗ್ ಕೊಡಬೇಕು ಎಂದಾಯಿತು. 1998ರಲ್ಲಿ ನಿಯೋಶ್ ತನ್ನ ಲೆಕ್ಕವನ್ನು ಮತ್ತೆ ತೆರೆದು, 5ರ ಬದಲಿಗೆ 3 ಡೆಸಿಬೆಲ್ಲಿಗೇ ಸಮಯ ಅರ್ಧವಾಗಬೇಕು ಎಂದು ತಿದ್ದಿತು. ಹೊರೆ ದುಪ್ಪಟ್ಟಾದರೆ ಹೊತ್ತು ಅರ್ಧ ಎಂಬ ಸರಳ ನ್ಯಾಯ ಅದು. ನಲವತ್ತು ವರ್ಷ ದುಡಿದವರಲ್ಲಿ ಸದ್ದಿನಿಂದಲೇ ಗಣನೀಯವಾಗಿ ಕಿವಿ ಕೆಡುವವರು 90 ಡೆಸಿಬೆಲ್ಲಿನಲ್ಲಿ ನೂರಕ್ಕೆ 25, 85ರಲ್ಲಿ 8, 80ರಲ್ಲಿ ಸುಮಾರು 1 ಎಂಬ ಅಂದಾಜನ್ನೂ ಅದು ಮುಂದಿಟ್ಟಿತು. ಸುರಕ್ಷಿತ ಎಂದು ಗೋಡೆಯ ಮೇಲೆ ಬರೆದ 85ರ ಒಳಗೆ ಈ ಎಂಟು ಜನರೂ ಇದ್ದಾರೆ. ಎಷ್ಟು ಜನ ಕಿವುಡರಾದರೆ ಪರವಾಗಿಲ್ಲ ಎಂಬುದು ವೈದ್ಯರು ತೀರ್ಮಾನಿಸುವ ವಿಷಯವಲ್ಲ. ಅದು ಚೌಕಾಸಿಯಲ್ಲಿ ತೀರ್ಮಾನವಾಯಿತು. ಬ್ರಿಟನ್ 1989ರ ನಿಯಮದಲ್ಲಿ 90 ಮತ್ತು 85 ಎಂಬ ಎರಡು ಮೆಟ್ಟಿಲು ಇಟ್ಟು, 2005ರಲ್ಲಿ ಅವನ್ನು 85 ಮತ್ತು 80ಕ್ಕೆ ಇಳಿಸಿತು.

ಕಿವಿಗೆ ತಡೆ ಹಾಕುವ ಉಪಾಯವೂ ಈ ಚರಿತ್ರೆಯಲ್ಲಿ ಒಂದು ಪಾತ್ರ ವಹಿಸಿದೆ. ಜರ್ಮನಿಯಲ್ಲಿ ಮ್ಯಾಕ್ಸ್ ನೆಗ್ವರ್ 1907ರಲ್ಲಿ ಮೇಣ ಮತ್ತು ಹತ್ತಿಯಿಂದ ಮಾಡಿದ ಓರೊಪ್ಯಾಕ್ಸ್ ಗುಳಿಗೆಗಳು ಮೊದಲ ಮಹಾಯುದ್ಧದ ಸೈನಿಕರ ಕೈಗೂ ಸೇರಿದವು. ಹಿಂಡಿದರೆ ಸಣ್ಣದಾಗಿ ನಿಧಾನವಾಗಿ ಉಬ್ಬುವ ಫೋಮ್ ಪ್ಲಗ್ 1970ರ ದಶಕದಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಅಗ್ಗದ ಈ ವಸ್ತು ಎಷ್ಟೋ ಕಿವಿಗಳನ್ನು ಉಳಿಸಿದೆ. ಯಂತ್ರದ ಸದ್ದು ಇಳಿಸುವ ಖರ್ಚು ತಪ್ಪಿಸಿಕೊಳ್ಳಲು ಯಜಮಾನರಿಗೆ ನೆಪವನ್ನೂ ಒದಗಿಸಿದೆ. ಪೊಟ್ಟಣದ ಮೇಲಿನ ಅಂಕಿ ಪ್ರಯೋಗಾಲಯದ್ದು. ಬೆರಳಲ್ಲಿ ಹೊಸೆದು, ಕಿವಿಯ ಮೇಲ್ಭಾಗವನ್ನು ಹಿಂದಕ್ಕೆ ಎಳೆದು, ಒಳಗೆ ಪೂರ್ತಿ ಕೂರುವವರೆಗೆ ಒತ್ತಿ ಹಿಡಿಯದಿದ್ದರೆ ಅದರ ಅರ್ಧವೂ ಸಿಗುವುದಿಲ್ಲ. ಕಿವಿಗೆ ಹತ್ತಿ ತುರುಕಿಕೊಳ್ಳುವುದರಿಂದ ಆಗುವ ಪ್ರಯೋಜನ ಅತ್ಯಲ್ಪ.

ಭಾರತದಲ್ಲಿ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸದ್ದಿನಿಂದಾಗುವ ಕಿವುಡು ಸೇರಿತ್ತು. ಅಂದರೆ ಅದು ಪ್ರಾಧಿಕಾರಕ್ಕೆ ತಿಳಿಸಲೇಬೇಕಾದ ವೃತ್ತಿರೋಗವೆನಿಸಿತ್ತು. ಆ ಕಾಯ್ದೆಯಡಿ ಕಾರ್ಖಾನೆಗಳಿಗಾಗಿ ಮಾಡಿದ ಮಾದರಿ ನಿಯಮಗಳ ಕೋಷ್ಟಕ ಮಾತ್ರ ಅಮೆರಿಕದ 1969ರದ್ದರ ಪಡಿಯಚ್ಚಾಗಿತ್ತು: 8 ಗಂಟೆಗೆ 90, 4 ಗಂಟೆಗೆ 95, 2 ಗಂಟೆಗೆ 100. ಕಿವಿ ಮತ್ತು ಮಾತಿನ ತಜ್ಞರನ್ನು ತಯಾರು ಮಾಡುವ ಕೆಲಸ ದೇಶದಲ್ಲಿ ನೆಲೆ ಕಂಡದ್ದು ಮೈಸೂರಿನಲ್ಲಿ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಅಲ್ಲಿ ಹುಟ್ಟಿ, ಮಾನಸಗಂಗೋತ್ರಿಯ ಆವರಣದಲ್ಲಿ ಬೆಳೆಯಿತು. ಜನರ ಬಾಯಲ್ಲಿ ಸದ್ದಿನ ಕಾನೂನು ಎಂದರೆ ನೆನಪಾಗುವುದು 2000ದ ಶಬ್ದ ಮಾಲಿನ್ಯ ನಿಯಮಗಳು: ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕಕ್ಕೆ ತಡೆ. 2005ರ ಜುಲೈಯಲ್ಲಿ ಸುಪ್ರೀಂ ಕೋರ್ಟ್, ಬೇಡದ ಸದ್ದಿನಿಂದ ಮುಕ್ತವಾಗಿ ಬದುಕುವುದನ್ನು ಜೀವಿಸುವ ಹಕ್ಕಿನೊಂದಿಗೆ ಸೇರಿಸಿ ಓದಿತು. ಆದರೆ ಈ ಅಂಕಿಗಳು ನಿದ್ದೆ, ನೆಮ್ಮದಿಗಳ ಕಾವಲಿಗೆ ಇರುವಂಥವು. ಗಣೇಶೋತ್ಸವದ ಮೆರವಣಿಗೆಯಲ್ಲಿ ಡಿ.ಜೆ. ಪೆಟ್ಟಿಗೆಯ ಎದುರೇ ಕುಣಿಯುವ ಹುಡುಗನ ಕಿವಿ ಅನುಭವಿಸುವುದು ಮನೆಯೊಳಗೆ ನಿದ್ದೆಗೆಟ್ಟವರ ಕಿರಿಕಿರಿಯನ್ನಲ್ಲ; ಅವನ ಪಾಡು ಗ್ಲ್ಯಾಸ್ಗೊದ ಬಾಯ್ಲರ್ ಕೆಲಸಗಾರನ ಸಾಲಿನದು.

ಗದ್ದಲ ಕಾರ್ಖಾನೆಯ ಗೋಡೆ ದಾಟಿ ಜನ ತಾವಾಗಿಯೇ ಕಿವಿಗೆ ಇಟ್ಟುಕೊಳ್ಳುವ ವಸ್ತುವಾದದ್ದು 1979ರಿಂದ. ಆ ವರ್ಷ ಜುಲೈ 1ರಂದು ಜಪಾನಿನಲ್ಲಿ ಸೋನಿ ವಾಕ್‌ಮನ್ ಮಾರಾಟಕ್ಕೆ ಬಂತು. 2001ರಲ್ಲಿ ಐಪಾಡ್, ಆಮೇಲೆ ಫೋನು. ಕೆಲಸಗಾರನಿಗೆ ಪಾಳಿ ಮುಗಿದರೆ ಬಿಡುಗಡೆ ಇತ್ತು. ಕೇಳುಗನಿಗೆ ಪಾಳಿಯೇ ಇಲ್ಲ. ಫ್ರಾನ್ಸ್ 1990ರ ದಶಕದಲ್ಲೇ ಇಂಥ ಸಾಧನಗಳಿಗೆ 100 ಡೆಸಿಬೆಲ್ಲಿನ ಮೇಲ್ಮಿತಿ ಹಾಕಿತು. ಅದನ್ನು ಮೀರಿದ್ದಕ್ಕೆ 2002ರಲ್ಲಿ ಐಪಾಡ್ ಮಾರಾಟ ಅಲ್ಲಿ ನಿಂತು, ಸದ್ದು ತಗ್ಗಿಸುವ ತಂತ್ರಾಂಶ ಬಂದ ಮೇಲೆ ಮತ್ತೆ ಶುರುವಾಯಿತು. ಯುರೋಪಿನ ಒಕ್ಕೂಟ ಆ ಬಳಿಕ, ಸಾಧನ ತಾನಾಗಿ 85ರಲ್ಲೇ ನಿಲ್ಲಬೇಕು, ಅದಕ್ಕಿಂತ ಏರಿಸುವವರಿಗೆ ಎಚ್ಚರಿಕೆ ಕಾಣಿಸಬೇಕು ಎಂಬ ಮಾನದಂಡ ತಂದಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ ಹೊರಡಿಸಿದ ಮಾನದಂಡ ಲೆಕ್ಕವನ್ನು ದಿನದಿಂದ ವಾರಕ್ಕೆ ಬದಲಿಸಿತು: ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ 75. ಮೂರರ ಲೆಕ್ಕ ಹಿಡಿದರೆ 83ರಲ್ಲಿ 20 ಗಂಟೆ, 86ರಲ್ಲಿ 10, 89ರಲ್ಲಿ 5 ಗಂಟೆ. 100 ಡೆಸಿಬೆಲ್ಲಿನಲ್ಲಿ ಕೇಳುವವರ ಇಡೀ ವಾರದ ಪಾಲು ಅರ್ಧ ಗಂಟೆಗೂ ಮುನ್ನ ತೀರುತ್ತದೆ. ಸಂಗೀತ ಸಭಾಂಗಣ, ಕ್ಲಬ್‌ಗಳಿಗೆ 2022ರಲ್ಲಿ ಬಂದ ಮಾನದಂಡದಲ್ಲಿ 15 ನಿಮಿಷದ ಸರಾಸರಿ 100 ಮೀರಬಾರದು ಎಂದಿದೆ. ಇವೆರಡೂ ಸಲಹೆಗಳು, ಪಾಲಿಸದಿದ್ದರೆ ದಂಡವಿಲ್ಲ.

ಇಷ್ಟೂ ಮಿತಿಗಳಿಗೆ ಆಧಾರ ಆಡಿಯೊಮೀಟರ್ ತೋರಿಸಿದ ಗೆರೆ. ಜೋರು ಸದ್ದು ಕೇಳಿ ಬಂದ ರಾತ್ರಿ ಕಿವಿ ಗುಂಯ್ ಎಂದರೂ ಒಂದೆರಡು ದಿನದಲ್ಲಿ ಪರೀಕ್ಷೆ ಸರಿಯಾಗಿ ಬಂದರೆ ಹಾನಿಯಿಲ್ಲ ಎಂದೇ ತಜ್ಞರು ನಂಬಿದ್ದರು. 2009ರಲ್ಲಿ ಅಮೆರಿಕದ ಶರನ್ ಕುಜಾವ ಮತ್ತು ಚಾರ್ಲ್ಸ್ ಲಿಬರ್‌ಮನ್ ಇಲಿಗಳಲ್ಲಿ ಕಂಡದ್ದು ಬೇರೆ. ಕೇಳುವ ಶಕ್ತಿ ಮರಳಿತ್ತು, ರೋಮಕೋಶಗಳೂ ಉಳಿದಿದ್ದವು. ಆದರೆ ಅವನ್ನು ನರಕ್ಕೆ ಜೋಡಿಸುವ ಕೊಂಡಿಗಳಲ್ಲಿ ಅರ್ಧದಷ್ಟು ಕೆಲವು ಭಾಗಗಳಲ್ಲಿ ಮರಳಿ ಬಾರದಂತೆ ಹೋಗಿದ್ದವು. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ನಿಜ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅದು ಮುಗಿಯುವವರೆಗೆ 85ನ್ನು ತಲುಪಬಹುದಾದ ಗುರಿಯೆಂದು ಬಗೆಯದೆ, ಅದರಿಂದ ದೂರವಿರುವುದೇ ಜಾಣತನ. ಹೆಡ್‌ಫೋನಿನಲ್ಲಿ ಕೇಳಿದ ಸದ್ದಿನ ವಾರದ ಲೆಕ್ಕ ಈಗಿನ ಹಲವು ಫೋನುಗಳಲ್ಲೇ ದಾಖಲಾಗುತ್ತಿರುತ್ತದೆ; ಹೆಚ್ಚಿನವರು ಅದನ್ನು ತೆರೆದು ನೋಡಿರುವುದಿಲ್ಲ. ಓದುಗರು ಒಮ್ಮೆ ನೋಡಬೇಕು.